ಎರೆ ಮಣ್ಣಿನ ಪಾಯದಲ್ಲಿ ಪದರ ಬಿಡಿಸಿದ್ದು ಹೀಗೆ

ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಕಟ್ಟಡ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 1915ರಲ್ಲಿ ಅಶೋಕನ ಶಾಸನ ಸಿಕ್ಕ ಮಸ್ಕಿಯಂಥ ಊರಲ್ಲಿ ನಿಯಂತ್ರಿತ ವಲಯದೊಳಗೆ ಮನೆ ಕಟ್ಟುವುದಾದರೆ ಅನುಮತಿ ಬೇಕೇ ಬೇಕು. ಪಾಯ ತೋಡುವಾಗ ಹಳೆಯ ಕಾಲದ ಕುರುಹುಗಳಿಗಾಗಿ ನಿಗಾ ಇಡುವವರಿಗೆ ನಿಜವಾದ ತಲೆನೋವು ಆಮೇಲಿನದು: ಪ್ರಾಚೀನ ಕಾಲದ ಕಪ್ಪು-ಕೆಂಪು ಮಡಕೆ ಚೂರಿನ ಪಕ್ಕದಲ್ಲೇ ಈಚಿನ ಗಾಜಿನ ಬಳೆ ಚೂರು, ಹೊಸ ಹಂಚು.

ಕಾರಣ ಎರಡು. ಜೆಸಿಬಿಯ ಹಲ್ಲಿನ ಬಕೆಟ್ ಬೇರೆ ಬೇರೆ ಕಾಲದ ಮಣ್ಣಿನ ಪದರಗಳನ್ನು ಕಲಸಿ ಪಾಯದ ಗುಂಡಿಯ ಗೋಡೆಗೆ ಮೆತ್ತುತ್ತದೆ. ಇನ್ನೊಂದು ಎರೆ ಮಣ್ಣಿನದೇ ಗುಣ: ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕಿನೊಳಗೆ ಮೇಲಿನ ಚೂರು ಜಾರಿ ಕೆಳಗೆ ಕೂರುತ್ತದೆ.

ಬಕೆಟ್ಟಿಗೆ ಹಲ್ಲಿಲ್ಲದ ಚಪ್ಪಟೆ ಅಂಚು ಹಾಕಿಸಿ, ಒಂದು ಸಲಕ್ಕೆ 10 ಸೆಂಟಿಮೀಟರ್ ಮಾತ್ರ ಕೆರೆಸಿದ್ದು ಅರ್ಧ ಪರಿಹಾರ. ಉಳಿದರ್ಧ ಕರಣೆಯದು. ಮೆತ್ತಿದ ಮಣ್ಣನ್ನು ಮೇಲಿನಿಂದ ಕೆಳಕ್ಕೆ ತೆಳುವಾಗಿ ಹೆರೆದು, ಸ್ಪ್ರೇಯರ್‌ನಿಂದ ನೀರು ಸಿಂಪಡಿಸಿ, ನೆರಳು ಮಾಡಿ ನೋಡಬೇಕು. ಆಗ ಬಿರುಕು ತುಂಬಿದ ಸಡಿಲ ಮಣ್ಣು ಗಟ್ಟಿ ಮಣ್ಣಿನ ನಡುವೆ ಬೆಣೆಯ ಹಾಗೆ, ಮೇಲೆ ಅಗಲ, ಕೆಳಗೆ ಚೂಪು ಕಾಣುತ್ತದೆ. ಅದರೊಳಗಿನ ಚೂರುಗಳಿಗೆ ಬೇರೆ ಚೀಲ. ಕಾಲ ನಿರ್ಣಯಕ್ಕೆ ಅವು ಬೇಡ. ಪದರದ ಮಣ್ಣನ್ನು 5 ಮಿಲಿಮೀಟರ್ ಜರಡಿಗೆ ಹಾಕಿ, ಪದರ ಸಂಖ್ಯೆ, ಆಳ ಬರೆದ ಚೀಟಿಯನ್ನು ಚೀಲದ ಒಳಗೂ ಹೊರಗೂ ಇಡಿ. ಫೋಟೋದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ ಇರಲಿ.

ಬೂದಿ ಗುಂಡಿಯೋ ಮೂಳೆಯೋ ಕಂಡರೆ ಯಂತ್ರ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಿ. ನಾಣ್ಯ, ಒಡವೆ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತ ವರದಿ ಕೊಡಬೇಕು.