ಹೊರದೇಶದಿಂದ ಊರಿಗೆ ಬಂದಾಗ ಮನೆತನದ ಬೇರು ಹುಡುಕುವುದು ಹೇಗೆ?

ಅಮೆರಿಕದಿಂದಲೋ ದುಬೈಯಿಂದಲೋ ರಜೆಗೆ ಬಂದವರ ಮೂರು ವಾರ ಹೇಗೆ ಕಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ಮದುವೆ, ಬೆಂಗಳೂರಿನ ಟ್ರಾಫಿಕ್ಕು, ಮಕ್ಕಳ ಹೊಟ್ಟೆನೋವು. "ನಮ್ಮ ಮುತ್ತಜ್ಜ ಎಲ್ಲಿಂದ ಬಂದವರು?" ಎಂಬ ಮಗಳ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಈ ಸಲ ನಾಲ್ಕು ದಿನ ಅದಕ್ಕೇ ಅಂತ ಎತ್ತಿಡಿ.

ಹೊರಡುವ ಮೊದಲೇ ಫೋನಿನಲ್ಲಿ ಮೂರು ವಿಷಯ ಕೇಳಿಟ್ಟುಕೊಳ್ಳಿ. ಮನೆತನದಲ್ಲಿ ಈಗ ಬದುಕಿರುವ ಅತಿ ಹಿರಿಯರು ಯಾರು? ನಮ್ಮ ಗೋತ್ರ, ಬೆಡಗು ಅಥವಾ ಬಳಿ (ಒಂದೇ ಮೂಲದವರೆಂದು ಹೇಳುವ ಕುಲದ ಹೆಸರು) ಯಾವುದು? ಮನೆದೇವರು ಎಲ್ಲಿ? ಮೂರನೆಯದು ಬಹಳ ಕೆಲಸಕ್ಕೆ ಬರುತ್ತದೆ. ಮನೆದೇವರ ಗುಡಿ ಈಗಿನ ಊರಿನಿಂದ ಎರಡು ಜಿಲ್ಲೆ ಆಚೆಗಿದ್ದರೆ, ಹಿರಿಯರು ಆ ಕಡೆಯಿಂದಲೇ ವಲಸೆ ಬಂದಿರಬಹುದು.

ಊರಿಗೆ ಬಂದ ಮೇಲೆ ಮೊದಲು ಅಜ್ಜಿಯರ ಹತ್ತಿರ ಕೂರಿ. ಕಾಗದಪತ್ರ ಆಮೇಲೆ. ಹಳೆಯ ದಾಖಲೆಗಳಲ್ಲಿ ಇರುವುದು ಹೆಚ್ಚಾಗಿ ಗಂಡಸರ ಹೆಸರು, ಜಮೀನು ಅವರ ಹೆಸರಿನಲ್ಲಿತ್ತಲ್ಲ. ಯಾವ ಸೊಸೆ ಎಲ್ಲಿಂದ ಬಂದಳು, ಯಾರನ್ನು ದತ್ತು ತಂದರು, ಯಾವ ಅಣ್ಣತಮ್ಮಂದಿರು ಮುನಿಸಿಕೊಂಡು ಊರು ಬಿಟ್ಟರು ಎಂಬುದೆಲ್ಲ ಅಜ್ಜಿಯರಿಗೇ ಗೊತ್ತಿರುವುದು. "ನಮ್ಮ ಇತಿಹಾಸ ಹೇಳಿ" ಅಂದರೆ ಅವರು ಸುಮ್ನೆ ನಗುತ್ತಾರೆ. "ನಿಮ್ಮ ತವರು ಯಾವುದು? ನಿಮ್ಮ ಅಮ್ಮನ ತವರು?" ಎಂದು ಕೇಳಿ, ಮಾತು ತಾನಾಗಿ ಹರಿಯುತ್ತದೆ. ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಫೋಟೋ ತೋರಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದುಬಿಡಿ.

ಇಸವಿ ಕೇಳಿದರೆ ಹೇಳುವುದು ಕಷ್ಟ. ಸ್ವಾತಂತ್ರ್ಯ ಬಂದಾಗ ಎಷ್ಟು ಎತ್ತರ ಇದ್ದಿರಿ, ಕಲಬುರಗಿ ಕಡೆಯವರಾದರೆ ನಿಜಾಮರ ಕೊನೆಗಾಲದ ರಜಾಕಾರರ ಗಲಾಟೆ ನೆನಪಿದೆಯಾ ಎಂದು ಕೇಳಬೇಕು. ಕೆಲವರು ಸಂವತ್ಸರ ಹೇಳುತ್ತಾರೆ. ಸರ್ವಜಿತ್ ಅಂದರೆ 1947-48. ಅದೇ ಹೆಸರು 60 ವರ್ಷಕ್ಕೊಮ್ಮೆ ಬರುವುದರಿಂದ ವಯಸ್ಸಿನ ಜೊತೆ ತಾಳೆ ನೋಡಿ.

ಉತ್ತರ ಕರ್ನಾಟಕದ ಮನೆತನವಾದರೆ ಹೆಳವರನ್ನು ವಿಚಾರಿಸಲೇಬೇಕು. ಸುಗ್ಗಿ ಮುಗಿದ ಮೇಲೆ ಊರೂರಿಗೆ ಬಂದು ಒಕ್ಕಲು ಮನೆಗಳ ವಂಶಾವಳಿ ಹೇಳುವವರು ಇವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಮೂಲ ಊರು, ಬೆಡಗು, ತಲೆಮಾರಿನ ಹೆಸರುಗಳು ಅವರ ಪುಸ್ತಕದಲ್ಲಿರುತ್ತವೆ. ನಿಮ್ಮ ಮನೆಗೆ ಬರುವ ಹೆಳವರು ಯಾರು ಎಂದು ಊರಿನ ಹಿರಿಯರನ್ನು ಕೇಳಿ. ಬರಿಗೈಯಲ್ಲಿ ಕಳಿಸಬೇಡಿ, ಅದು ಅವರ ಕಸುಬು.

ಕೊಡವರಿಗೆ ಒಕ್ಕದ, ಅಂದರೆ ಮನೆತನದ, ಐನ್‌ಮನೆಯೇ (ಹಿರಿಯರ ಮೂಲಮನೆ) ಮೊದಲ ನಿಲ್ದಾಣ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಬಳಿ ಬರುವುದು ತಾಯಿಯಿಂದ. ಅಲ್ಲಿ ಅಪ್ಪನ ಕಡೆ ಹುಡುಕುತ್ತಾ ಹೋದರೆ ಬೇರೆಯವರ ಮನೆತನದೊಳಗೆ ಹೊಕ್ಕಿರುತ್ತೀರಿ.

ಇನ್ನು ಪಹಣಿ, ಅಂದರೆ ಜಮೀನಿನ ದಾಖಲೆ. ಇಲ್ಲಿ ಸ್ವಲ್ಪ ಹುಷಾರು. ಹೊರದೇಶದಿಂದ ಬಂದವರು ಸರ್ವೆ ನಂಬರ್ ಕೇಳಿದರೆ ದೊಡ್ಡಪ್ಪನ ಮಗನ ಮುಖ ಬಿಗಿಯುತ್ತದೆ. ಪಾಲು ಕೇಳಲು ಬಂದರಾ ಎಂಬ ಅನುಮಾನ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಮೇಲಂತೂ ಅತ್ತೆಯಂದಿರ ಹೆಸರು ಬರೆದುಕೊಳ್ಳುವುದೂ ಕೆಲವರಿಗೆ ಇರಿಸುಮುರಿಸು. ಅದಕ್ಕೇ ಊಟ, ಹರಟೆ ಎಲ್ಲ ಆಗಲಿ. ಏನು ಹುಡುಕುತ್ತಿದ್ದೀರಿ ಎಂದು ನೇರವಾಗಿ ಹೇಳಿ, ತಾಲ್ಲೂಕು ಕಚೇರಿಗೆ ಆ ದೊಡ್ಡಪ್ಪನ ಮಗನನ್ನೇ ಕರೆದುಕೊಂಡು ಹೋಗಿ.

ಈಗಿನ ಪಹಣಿ 'ಭೂಮಿ' ವೆಬ್‌ಸೈಟಿನಲ್ಲೇ ಸಿಗುತ್ತದೆ, ಆದರೆ ನಿಮಗೆ ಬೇಕಾದದ್ದು ಅದರ ಹಿಂದಿನದು. ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ಪುಸ್ತಕ (ಜಮೀನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಬದಲಾದ ದಾಖಲೆ) ಕೇಳಿ. ಯಾರಾದರೂ ತೀರಿಕೊಂಡು ಪೌತಿ ಖಾತೆ ಆಗಿದ್ದರೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಆಗಿದ್ದರೆ, ಕಡತದಲ್ಲಿ ವಂಶವೃಕ್ಷ ಇರುತ್ತದೆ. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬಿಟ್ಟುಹೋಗಿದ್ದರೆ ಆಶ್ಚರ್ಯ ಬೇಡ, ಅಜ್ಜಿ ಹೇಳಿದ್ದರ ಜೊತೆ ಹೋಲಿಸಿ ತುಂಬಿಕೊಳ್ಳಿ. ಕನ್ನಡ ಪ್ರದೇಶಗಳು ಒಂದಾದ 1956ಕ್ಕೆ ಮೊದಲು ಊರು ಯಾವ ಆಡಳಿತದಲ್ಲಿತ್ತು ಅನ್ನುವುದೂ ಮುಖ್ಯ. ಮುಂಬೈ ಪ್ರಾಂತ್ಯದಲ್ಲಿದ್ದ ಕಡೆ ಹಳೆಯ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಇರಬಹುದು, ನಿಜಾಮರ ಕಡೆ ಉರ್ದುವಿನಲ್ಲಿ. ಓದಿಸಲು ಜನ ಬೇಕು.

ಕೆಲವರಿಗೆ ನೋಡಲು ಊರೇ ಉಳಿದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಶರಾವತಿ ಕಣಿವೆಯ ಹಳ್ಳಿಗಳನ್ನು ಮುಳುಗಿಸಿತು. ಆಲಮಟ್ಟಿ ಅಣೆಕಟ್ಟಿನಿಂದ ಹಳೇ ಬಾಗಲಕೋಟೆಯ ಭಾಗ ಹೋಯಿತು. ಅಂಥವರು ಪುನರ್ವಸತಿ ಆದ ಊರಿನಲ್ಲಿ ಹಳೆಯ ನೆರೆಹೊರೆಯವರನ್ನು ಹುಡುಕುವುದೇ ಒಳ್ಳೆಯದು. ಯಾರ ಮನೆ ಪಕ್ಕ ಯಾರದಿತ್ತು ಎಂದು ಅವರಿಂದಲೇ ನಕ್ಷೆ ಬರೆಸಿ.

ಹೊರಡುವ ಹಿಂದಿನ ದಿನ ಎಲ್ಲವನ್ನೂ ಒಂದು ದೊಡ್ಡ ಚಾರ್ಟ್ ಹಾಳೆಯ ಮೇಲೆ ಬರೆದು ಊರ ಮನೆಯ ಗೋಡೆಗೆ ಅಂಟಿಸಿ. ಫೈನಲ್ ಅಂತ ಬರೆಯಬೇಡಿ, ಪಕ್ಕದಲ್ಲಿ ಪೆನ್ನು ಕಟ್ಟಿಡಿ. "ಅವಳು ಎರಡನೆಯವಳಲ್ಲ, ಮೂರನೆಯವಳು" ಅಂತ ಯಾರಾದರೂ ಜಗಳ ತೆಗೆಯುತ್ತಾರೆ. ತೆಗೆಯಲಿ, ಆ ಜಗಳದಲ್ಲಿ ಇನ್ನೆರಡು ಹೆಸರು ಹೊರಗೆ ಬೀಳುತ್ತವೆ.