ಎಂ20ಗೆ ಲ್ಯೂಕಾಸ್ ಮ್ಯಾಗ್‌ಡೈನಮೋವನ್ನೇ ಕೂರಿಸಿದೆ: ನನ್ನ ಅನುಭವ

"ಮ್ಯಾಗ್ನೆಟೋ ನಂಬಬೇಡ, ಬುಲೆಟ್ ಕಾಯಿಲ್ ಹಾಕಿ ಓಡಿಸು" ಅಂತ ಹೇಳದವರೇ ಇರಲಿಲ್ಲ. ಮ್ಯಾಗ್ನೆಟೋ ಅಂದರೆ ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಯಂತ್ರ; ಅದಕ್ಕೆ ಲೈಟು, ಬ್ಯಾಟರಿಗೆ ಕರೆಂಟ್ ಕೊಡುವ ಡೈನಮೋ ಜೋಡಿಸಿದರೆ ಮ್ಯಾಗ್‌ಡೈನಮೋ. ಈಗ ನನ್ನ 1942ರ ಬಿಎಸ್‌ಎ ಎಂ20 ಬೈಕು ಲ್ಯೂಕಾಸ್ ಮ್ಯಾಗ್‌ಡೈನಮೋದಲ್ಲೇ, 6 ವೋಲ್ಟಲ್ಲೇ, ಏಪ್ರಿಲ್ ಬಿಸಿಲಲ್ಲಿ ನಂದಿ ಬೆಟ್ಟ ಹತ್ತಿದೆ. ಮೇಲೆ ಆಫ್ ಮಾಡಿದೆ. ಇಂಜಿನ್ ಇನ್ನೂ ಸುಡುತ್ತಿರುವಾಗಲೇ ಒಂದೇ ಕಿಕ್‌ಗೆ ಎತ್ತಿಕೊಂಡಿತು. ಜೊತೆಗೆ ಬಂದವರು ಮಾತಾಡಲಿಲ್ಲ.

ಗಾಡಿ ಯುದ್ಧದ ಕಾಲದ್ದು. ಕೈಗೆ ಬಂದಾಗ ಮ್ಯಾಗ್ನೆಟೋ ಒಳಗೆ ಖಾಲಿ, ಡೈನಮೋ ಜಾಗಕ್ಕೆ ತಗಡು, ಟ್ಯಾಂಕ್ ಕೆಳಗೆ ಯಾವುದೋ ಕಾಯಿಲ್ ನೇತಾಡುತ್ತಿತ್ತು. ಶಿವಾಜಿನಗರದ ಗುಜರಿಯಲ್ಲಿ ಮೊದಲು ಸಿಕ್ಕಿದ್ದು ಉದ್ದನೆ ಡೈನಮೋದ ಸೆಟ್. ಅದು 60 ವಾಟ್‌ದು, ಕರೆಂಟ್ ಜಾಸ್ತಿ ಕೊಡುತ್ತದೆ, ಒಳ್ಳೆಯದೇ. ಆದರೆ ಮೈ ಮೇಲೆ 1949ರ ಗುದ್ದು. ಲ್ಯೂಕಾಸ್‌ನವರು ತಿಂಗಳು, ವರ್ಷ ಎರಡನ್ನೂ ಗುದ್ದುತ್ತಿದ್ದರು, ಅದನ್ನು ನೋಡದೆ ದುಡ್ಡು ಬಿಚ್ಚಬಾರದು. ನನ್ನದು 42ರ ಗಾಡಿ, ಬೇಡ ಅಂದೆ. ಆಮೇಲೆ ಚಿಕ್ಕ ಡೈನಮೋ ಇರುವ ಸೆಟ್ ಸಿಕ್ಕಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಕೊಳೆ ಒರೆಸಿದಾಗ 11 41 ಅಂತ ಎದ್ದು ಬಂತು. ಒಂಬತ್ತು ಸಾವಿರಕ್ಕೆ ಕೊಟ್ಟ, ಚೌಕಾಸಿ ಮಾಡಲಿಲ್ಲ.

ಮ್ಯಾಗ್ನೆಟೋ ಒಳಗೆ ತಿರುಗುವ ತಂತಿ ಸುತ್ತಿದ ಭಾಗ ಆರ್ಮೇಚರ್. ಅದರ ರೀವೈಂಡಿಂಗ್‌ಗೆ ಒಂದು ಕಡೆ ಆರು ಸಾವಿರ ಕೊಟ್ಟೆ. ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ನಿಮಿಷ ಓಡಿದರೆ ಸಾಕು, ಠುಸ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್. ಇನ್ನೊಂದು ಕಡೆ ಮತ್ತೆ ಸುತ್ತಿಸಿದೆ, ಇನ್ನೂ ನಾಲ್ಕು ಸಾವಿರ ಹೋಯಿತು. ಅದೇ ಕಥೆ. ತಂತಿ ಇಬ್ಬರೂ ಹೊಸದೇ ಹಾಕಿದ್ದರು. ಆರ್ಮೇಚರ್ ಹೊಟ್ಟೆಯಲ್ಲಿರುವ ಕಂಡೆನ್ಸರ್, ಅಂದರೆ ಕೆಪಾಸಿಟರ್, ಮಾತ್ರ ಹಳೇದೇ. ಬಿಸಿಯಾದ ಕೂಡಲೇ ಅದು ಲೀಕ್ ಆಗುತ್ತದೆ, ಕಿಡಿ ಸಾಯುತ್ತದೆ. ಮೇಲೆ ಬಳಿದಿದ್ದ ಅರಗಿನ ವಾರ್ನಿಷ್ ಬೇರೆ ಕರಗಿ ಅಂಟಂಟಾಗಿತ್ತು.

ಹಳೇದನ್ನು ಕಿತ್ತು ಬಿಸಾಕಿದೆ. ಎಸ್.ಪಿ. ರಸ್ತೆಯಲ್ಲಿ 1000 ವೋಲ್ಟ್ ತಡೆಯುವ ಸೆರಾಮಿಕ್ ಕೆಪಾಸಿಟರ್ ತಂದೆ. ಒಂದೊಂದಕ್ಕೆ ಚಿಲ್ಲರೆ ಕಾಸು. ಕೆಲವನ್ನು ಪ್ಯಾರಲಲ್ ಸೇರಿಸಿ 0.15 ಮೈಕ್ರೋಫ್ಯಾರಡ್ ಹತ್ತಿರ ತಂದೆ. ಅರಗಿನ ಬದಲು ಎಪಾಕ್ಸಿ ಹಾಕಿದೆ. ಆರ್ಮೇಚರ್ ಅನ್ನು ಓವನ್‌ನಲ್ಲಿ ಸುಮಾರು 90 ಡಿಗ್ರಿಗೆ ಕಾಯಿಸಿ, ಬಿಸಿ ಇರುವಾಗಲೇ ಮ್ಯಾಗ್ನೆಟೋ ಬಾಡಿಯೊಳಗೆ ಕೂರಿಸಿ ಲೇಥ್‌ನಲ್ಲಿ ತಿರುಗಿಸಿದೆ. ಗಂಟೆಗಟ್ಟಲೆ ಒಂದೇ ಸಮನೆ ನೀಲಿ ಕಿಡಿ! ಎಪಾಕ್ಸಿಗೆ ಏನು ಬೆರೆಸುತ್ತೇನೆ, ಅಷ್ಟು ಇಕ್ಕಟ್ಟಲ್ಲಿ ಕೆಪಾಸಿಟರ್ ಅಲುಗದ ಹಾಗೆ ಹೇಗೆ ಕಟ್ಟುತ್ತೇನೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಎರಡು ಆರ್ಮೇಚರ್ ಬಲಿಯಾಗಿವೆ.

ಇದರ ನಡುವೆ ಮ್ಯಾಗ್ನೆಟ್‌ಗೆ ಮತ್ತೆ ಶಕ್ತಿ ತುಂಬುವ ಹುಚ್ಚೂ ಹತ್ತಿತ್ತು. ದಪ್ಪ ತಂತಿಯ ಎರಡು ಕಾಯಿಲ್ ಸುತ್ತಿ, ಲಾರಿ ಬ್ಯಾಟರಿಗಳಿಂದ ಕ್ಷಣಮಾತ್ರ ಕರೆಂಟ್ ಕೊಟ್ಟೆ. ಕೇಬಲ್ ಜಿಗಿದು ಬೀಳುತ್ತದೆ, ಹತ್ತಿರ ನಿಲ್ಲಬೇಡಿ. ಫಲ ಸಿಕ್ಕಿತು. ಕಿಕ್ಕರ್ ಮೆಲ್ಲಗೆ ಒತ್ತಿದರೂ ಈಗ ಕಿಡಿ ಹಾರುತ್ತದೆ.

ಡೈನಮೋ ಅಷ್ಟು ಕಾಡಲಿಲ್ಲ. ಅದರ ಡಿ, ಎಫ್ ಅನ್ನುವ ಎರಡು ಟರ್ಮಿನಲ್‌ಗಳನ್ನು ಸೇರಿಸಿ 6 ವೋಲ್ಟ್ ಕೊಟ್ಟರೆ ಮೋಟರ್ ಥರ ತಿರುಗಬೇಕು, ತಿರುಗಿತು. ಚಾರ್ಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್‌ನ ಡಬ್ಬ ಹಳೇ ಎಂಸಿಆರ್1 ಮಾದರಿಯದು, ಒಳಗೆ ಇಂಗ್ಲೆಂಡಿನಿಂದ ತರಿಸಿದ ಎಲೆಕ್ಟ್ರಾನಿಕ್ ಬೋರ್ಡ್. ಕಸ್ಟಮ್ಸ್ ಸೇರಿ ಹತ್ತು ಸಾವಿರದ ಆಸುಪಾಸು. ಮುಚ್ಚಳ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮಾತ್ರ ನೆನಪಿರಲಿ: ಸೇನೆಯ ಎಂ20 ನೆಗೆಟಿವ್ ಅರ್ತ್, ಅಂದರೆ ಬ್ಯಾಟರಿಯ ಮೈನಸ್ ತುದಿ ಗಾಡಿಯ ಮೈಗೆ. ಐವತ್ತರ ದಶಕದ ಪುಸ್ತಕ ನೋಡಿ ಪಾಸಿಟಿವ್ ಅರ್ತ್ ಮಾಡುವವರು ಜಾಸ್ತಿ. ಬೋರ್ಡ್, ಬ್ಯಾಟರಿ, ಡೈನಮೋ ಮೂರಕ್ಕೂ ಅರ್ತ್ ಒಂದೇ ಥರ ಇರಬೇಕು. ಡೈನಮೋದ ಕಾರ್ಬನ್ ಬ್ರಷ್ ಎತ್ತಿ ಹಿಡಿದು, ಬ್ಯಾಟರಿಯ ಲೈವ್ ತಂತಿಯನ್ನು ಎಫ್‌ಗೆ ಒಂದೆರಡು ಸಲ ಮುಟ್ಟಿಸಿದರೆ ಡೈನಮೋ ದಾರಿಗೆ ಬರುತ್ತದೆ. ಪೇಂಟ್ ಕೆರೆದು ಅರ್ತ್ ಕೊಡಿ, ಪೌಡರ್ ಕೋಟಿಂಗ್ ಮೇಲೆ ಕರೆಂಟ್ ಹರಿಯಲ್ಲ.

ಈಗ ಹೆಡ್‌ಲೈಟ್ ಹಾಕಿಕೊಂಡು ಓಡಿಸಿದರೂ ಆಮೀಟರ್ ಮುಳ್ಳು ಪ್ಲಸ್ ಕಡೆಗೇ ಇರುತ್ತದೆ. ಎಲೆಕ್ಟ್ರಿಕಲ್‌ಗೇ ಐವತ್ತು ಸಾವಿರ ದಾಟಿದೆ. ಸರಿಯಾದ ಲ್ಯೂಕಾಸ್ ಆಲ್ಟೆಟ್ ಹಾರ್ನ್ ಒಂದು ಬಾಕಿ. ಸಿಗುವುದೆಲ್ಲ ಡೂಪ್ಲಿಕೇಟ್, ರಿಮ್‌ನ ಕ್ರೋಮ್ ನೋಡಿದರೇ ತಿಳಿಯುತ್ತದೆ. ಯಾರ ಹತ್ತಿರವಾದರೂ ಯುದ್ಧಕಾಲದ್ದು ಇದ್ದರೆ, ಕೂಗದಿದ್ದರೂ ಪರವಾಗಿಲ್ಲ, ತಗೊಳ್ಳುತ್ತೇನೆ.