ಲೆಟರ್ ಬಾಕ್ಸ್ ಮೇಲೆ ಅಪ್ಪನ ಹೆಸರು: ಕೆಮ್ನಿಟ್ಸ್‌ನಲ್ಲಿ ನನ್ನ ಮೊದಲ ತಿಂಗಳು

2023ರ ಸೆಪ್ಟೆಂಬರ್ 30, ಶನಿವಾರ ರಾತ್ರಿ ಹತ್ತೂವರೆಗೆ, ಓದೋಕೆ ಅಂತ ಬಂದು ಜರ್ಮನಿಯ ಕೆಮ್ನಿಟ್ಸ್ ಊರಿನ ಸ್ಟೇಷನ್ನಲ್ಲಿ ಇಳಿದೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಟ್ರೈನಲ್ಲಿ ಲೈಪ್ಸಿಗ್, ಲೈಪ್ಸಿಗಲ್ಲಿ ಇನ್ನೊಂದು ಟ್ರೈನ್ ಹತ್ತಿ ಒಂದು ಗಂಟೆ. ಟಿಕೆಟ್ ರೇಟ್ ಕಮ್ಮಿ ಇದೆ ಅಂತ ಆ ದಿನ ನಾನೇ ಆರಿಸ್ಕೊಂಡಿದ್ದು. ಈಗ ಜರ್ಮನಿಗೆ ಹೊರಡೋರು ಯಾರು ಕೇಳಿದ್ರೂ ನಾನು ಮೊದಲು ಹೇಳೋದೇ ಇದು, ದಯವಿಟ್ಟು ಶನಿವಾರ ರಾತ್ರಿ ಬಂದು ಇಳೀಬೇಡಿ. ಭಾನುವಾರ ಅಂಗಡಿ ಎಲ್ಲಾ ಬಂದ್, ಹಾಸ್ಟೆಲ್ ಕೀ ಕೊಡೋ ಹೌಸ್‌ಮೈಸ್ಟರ್ ಸೋಮವಾರ ಬೆಳಗ್ಗೆನೇ ಸಿಗೋದು, ಅದರ ಮೇಲೆ ಆ ವರ್ಷ ಮಂಗಳವಾರ ಅಕ್ಟೋಬರ್ 3, ಎರಡು ಜರ್ಮನಿ ಒಂದಾದ ದಿನ ಅಂತ ದೇಶಕ್ಕೆಲ್ಲಾ ರಜೆ, ಅಂದ್ರೆ ನಾಲ್ಕು ದಿನದಲ್ಲಿ ನನಗೆ ಕೆಲಸಕ್ಕೆ ಸಿಕ್ಕಿದ್ದು ಒಂದೇ ಸೋಮವಾರ.

ಎರಡು ರಾತ್ರಿ ಹುಬ್ಬಳ್ಳಿ ಕಡೆಯ ಒಬ್ಬ ಸೀನಿಯರ್ ಅಕ್ಕನ ರೂಮಲ್ಲಿದ್ದೆ. ಅವರಿಗೆ ನನ್ನ ಪರಿಚಯ ಫೋನಲ್ಲಿ ಮಾತ್ರ, ಆದ್ರೂ ಸ್ಟೇಷನ್ಗೆ ಬಂದು ಒಂದು ಸೂಟ್‌ಕೇಸ್ ತಾವೇ ಎಳ್ಕೊಂಡು ನಡೆದ್ರು. "ಚಿಂತಿ ಮಾಡಬ್ಯಾಡ ತಂಗಿ, ನಾಳೆ ಐತವಾರ, ಏನೂ ಸಿಗೂದಿಲ್ಲ, ಆರಾಮ ಮಕ್ಕೋ" ಅಂದ್ರು. ರಾತ್ರಿ ಹನ್ನೊಂದೂವರೆಗೆ ಬಿಸಿ ಅನ್ನಕ್ಕೆ ಅವರ ಮನೆಯಿಂದ ಬಂದಿದ್ದ ಶೇಂಗಾ ಚಟ್ನಿಪುಡಿ, ಮೊಸರು ಹಾಕಿ ಕೊಟ್ರು. ಆ ಊಟ ನಾನು ಮರೆಯಲ್ಲ.

ಸೋಮವಾರ ಕೀ ಸಿಕ್ತು. ಕೀ ಜೊತೆ ಒಂದು ಪೇಪರ್ ಕೇಳಿ ಇಸ್ಕೊಳ್ಳಿ ಅಂತ ಅಕ್ಕ ಮೊದಲೇ ಹೇಳಿದ್ರು, ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್, ಉದ್ದ ನೋಡಿ ಹೆದರ್ಬೇಡಿ, "ಇವರು ನಮ್ಮ ಮನೇಲಿ ವಾಸ ಇದ್ದಾರೆ" ಅಂತ ಓನರ್ ಬರೆದುಕೊಡೋ ಒಂದು ಹಾಳೆ ಅಷ್ಟೇ. ಆದ್ರೆ ಇಲ್ಲಿ ಬದುಕು ಶುರುವಾಗೋದೇ ಆ ಹಾಳೆಯಿಂದ. ಅದಿದ್ರೆ ನಗರಸಭೆ ಆಫೀಸಲ್ಲಿ ಅನ್ಮೆಲ್ಡುಂಗ್, ಅಂದ್ರೆ ವಿಳಾಸ ನೋಂದಣಿ. ಮನೆಗೆ ಬಂದು ಎರಡು ವಾರದೊಳಗೆ ಮಾಡಿಸ್ಬೇಕು ಅನ್ನೋದು ಕಾನೂನು. ನಾನು ನೋಡಿದ ಬ್ಯಾಂಕಲ್ಲಿ ಆ ನೋಂದಣಿ ಚೀಟಿ ಇಲ್ಲದೆ ಅಕೌಂಟ್ ಇಲ್ಲ. ಅಕೌಂಟ್ ಇಲ್ಲದೆ ಬ್ಲಾಕ್ಡ್ ಅಕೌಂಟಿನ ದುಡ್ಡು, ಅಂದ್ರೆ ಖರ್ಚಿಗೆ ಅಂತ ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟು ಅಂತ ಮಾತ್ರ ಬಿಡೋ ದುಡ್ಡು, ಬರಲ್ಲ. ಆಗ ವೀಸಾಕ್ಕೆ 11,208 ಯೂರೋ ಇಡ್ಬೇಕಿತ್ತು (2024ರ ಸೆಪ್ಟೆಂಬರಿಂದ 11,904 ಆಯ್ತು), ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷದ ಹತ್ರ, ಅಪ್ಪ ಸಾಲ ಮಾಡಿ ಇಟ್ಟಿದ್ದು. ಅದರಲ್ಲಿ ತಿಂಗಳಿಗೆ 934 ಯೂರೋ ಮಾತ್ರ ಕೈಗೆ ಬರ್ತಿತ್ತು, ಅದೂ ಈ ಸರಪಳಿ ಎಲ್ಲಾ ಮುಗಿದ ಮೇಲೆ. ನಾನು ಕೈಲಿ 500 ಯೂರೋ ತಂದಿದ್ದೆ, ಸಾಲಲ್ಲ. ಒಂದು ತಿಂಗಳ ಬಾಡಿಗೆ, ಊಟ ಎರಡಕ್ಕೂ ಆಗುವಷ್ಟು ಇಟ್ಕೊಂಡೇ ಹೊರಡಿ. ಅನ್ಮೆಲ್ಡುಂಗ್ ಅಪಾಯಿಂಟ್‌ಮೆಂಟ್ ಮಾತ್ರ ನಾನು ಊರಿಂದಾನೇ ಆನ್‌ಲೈನಲ್ಲಿ ಬುಕ್ ಮಾಡಿದ್ದೆ, ಬಂದ ಮೇಲೆ ನೋಡೋಣ ಅಂತಿದ್ದ ಕ್ಲಾಸ್‌ಮೇಟ್ಸ್ ವಾರಗಟ್ಟಲೆ ಕಾದ್ರು.

ಊಟದ ವಿಷಯ. ಸೋಮವಾರ ಸಂಜೆ ಸೂಪರ್ ಮಾರ್ಕೆಟ್ಟಲ್ಲಿ ದುಂಡಗೆ ಬೆಳ್ಳಗಿದ್ದ ಕಮ್ಮಿ ರೇಟಿನ ಅಕ್ಕಿ ತಂದೆ, ಪ್ಯಾಕೆಟ್ ಮೇಲೆ ಮಿಲ್ಶ್‌ರೈಸ್ ಅಂತ ಬರೆದಿತ್ತು. ಅದು ಹಾಲಲ್ಲಿ ಬೇಯಿಸಿ ಸಿಹಿ ಮಾಡೋ ಅಕ್ಕಿ. ಬೆಂದ ಮೇಲೆ ಅಂಟಂಟು ಮುದ್ದೆ, ಸಾರಿಗೆ ಸೇರಲ್ಲ. ಆದ್ರೆ ಸಿಹಿ ಇಲ್ಲದ ಸಾದಾ ಯೋಗರ್ಟ್ ಕಲಸಿ ಒಗ್ಗರಣೆ ಹಾಕಿದ್ರೆ ಮೊಸರನ್ನ ತುಂಬಾ ಚೆನ್ನಾಗಾಗುತ್ತೆ, ಈಗ ಮೊಸರನ್ನಕ್ಕೆ ಅಂತಾನೇ ತರ್ತೀನಿ. ಸೋನಾ ಮಸೂರಿ ಇಂಡಿಯನ್ ಅಂಗಡೀಲಿ ಸಿಗುತ್ತೆ. ಅಮ್ಮ ತುಪ್ಪ ಕಾಯಿಸಿ ಡಬ್ಬಿಗೆ ತುಂಬಿಟ್ಟಿದ್ರು, ಹಾಲಿನ ಪದಾರ್ಥ ಯುರೋಪ್ ಒಕ್ಕೂಟದ ಒಳಗೆ ತರೋ ಹಾಗಿಲ್ಲ ಅಂತ ಗೊತ್ತಾಗಿ ಹೊರಡೋ ಹಿಂದಿನ ದಿನ ತೆಗೆದಿಟ್ವಿ, ಅಮ್ಮನ ಮುಖ ನೋಡೋಕಾಗ್ಲಿಲ್ಲ. ಬದಲಿಗೆ ಸಾರಿನ ಪುಡಿ, ಹುಳಿ ಪುಡಿ, ನಮ್ಮ ತಿಪಟೂರಿನ ಕೊಬ್ಬರಿ ಹಾಕಿದ ಚಟ್ನಿಪುಡಿ ತಂದೆ, ಒಂದು ಮೂರು ಲೀಟರ್ ಕುಕ್ಕರ್. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಇಲ್ಲಿ ಹಾಗೇ ಕೂರುತ್ತೆ, ಮೂರು ಪಿನ್ನಿಂದಕ್ಕೆ ಅಡಾಪ್ಟರ್ ಬೇಕು.

ನೀರಿನ ಬಾಟಲಿ ಬಿಸಾಡ್ಬೇಡಿ. ಪ್ಲಾಸ್ಟಿಕ್ ಬಾಟಲಿ ಒಂದಕ್ಕೆ ಸಾಮಾನ್ಯವಾಗಿ 25 ಸೆಂಟ್ ಡಿಪಾಸಿಟ್ ಕಟ್ಟಿರ್ತೀವಿ, ಅಂಗಡಿ ಒಳಗಿನ ಮೆಷಿನ್ನಿಗೆ ಹಾಕಿದ್ರೆ ಚೀಟಿ ಬರುತ್ತೆ, ಬಿಲ್ಲಲ್ಲಿ ಕಳೀತಾರೆ. ಮೊದಲ ತಿಂಗಳು ನನಗೆ ಆ ಚೀಟಿಗಳೇ ಎಷ್ಟೋ ಸಲ ಬ್ರೆಡ್ಡಿನ ದುಡ್ಡಾಗಿತ್ತು.

ಈಗ ನಿಜವಾಗಿ ಕಷ್ಟ ಕೊಟ್ಟ ವಿಷಯ. ನೋಂದಣಿ ಆಯ್ತು, ಅಕೌಂಟೂ ಓಪನ್ ಆಯ್ತು, ಕಾರ್ಡ್ ಒಂದು ಕವರಲ್ಲಿ ಪಿನ್ ಇನ್ನೊಂದು ಕವರಲ್ಲಿ ಪೋಸ್ಟಲ್ಲಿ ಬರುತ್ತೆ, ಒಂದು ವಾರ ಅಂದ್ರು. ದಿನಾ ಕ್ಲಾಸ್ ಮುಗಿಸಿ ಬಂದು ಕೆಳಗಿನ ಲೆಟರ್ ಬಾಕ್ಸ್ ತೆಗೆದು ನೋಡೋದು, ಪಿಜ್ಜಾ ಅಂಗಡಿ ಪಾಂಪ್ಲೆಟ್ ಬಿಟ್ಟು ಏನೂ ಇಲ್ಲ. ಒಂದು ವಾರ, ಎರಡು ವಾರ ಆಯ್ತು. ಅಮ್ಮ ಫೋನಲ್ಲಿ "ಊಟ ಆಯ್ತೇನೆ, ಏನ್ ಮಾಡ್ಕೊಂಡೆ" ಅಂತ ಕೇಳಿದ್ರೆ ದಿನಾ ಒಂದೊಂದು ಅಡಿಗೆ ಹೆಸರು ಹೇಳ್ತಿದ್ದೆ. ಪರ್ಸಲ್ಲಿ 40 ಯೂರೋ ಚಿಲ್ಲರೆ ಉಳಿದಿತ್ತು. ಅಕ್ಟೋಬರ್ 23, ಊರಲ್ಲಿ ಆಯುಧಪೂಜೆ, ಅಪ್ಪನ ಸ್ಕೂಟರ್‌ಗೆ ಹೂ ಹಾಕಿದ ಫೋಟೋ ಬಂದಿತ್ತು, ಅವತ್ತು ಬ್ಯಾಂಕಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ ನಿಧಾನಕ್ಕೆ ಹೇಳಿದ್ರು, ಎರಡೂ ಕವರ್ ವಾಪಸ್ ಬಂದಿದೆ, ಈ ವಿಳಾಸದಲ್ಲಿ ಆ ಹೆಸರಿನೋರು ಇಲ್ಲವಂತೆ.

ಆಮೇಲೆ ಅಕ್ಕ ಬಂದು ಲೆಟರ್ ಬಾಕ್ಸ್ ನೋಡಿದ ತಕ್ಷಣ ಹೇಳಿದ್ರು. ಇಲ್ಲಿ ಬಿಲ್ಡಿಂಗಿಗೆ ನಂಬರ್ ಇರುತ್ತೆ, ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ಇರಲ್ಲ, ಪೋಸ್ಟಿನವರು ಡಬ್ಬದ ಮೇಲಿರೋ ಹೆಸರು ನೋಡಿ ಹಾಕೋದು, ಅದೂ ಸರ್‌ನೇಮ್. ನಮ್ಮ ಮನೇಲಿ ಸರ್‌ನೇಮ್ ಅಂತ ಯಾವುದೂ ಇಲ್ಲ, ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟಲ್ಲಿ ಆ ಕಾಲಂ ತುಂಬಿಸ್ಬೇಕಲ್ಲ ಅಂತ ಅಪ್ಪನ ಹೆಸರು ಹಾಕಿದ್ವಿ. ಹಾಗಾಗಿ ಜರ್ಮನಿಯ ಎಲ್ಲಾ ಕಾಗದದಲ್ಲೂ ನಾನು ಫ್ರೌ (ನಮ್ಮಲ್ಲಿ ಶ್ರೀಮತಿ, ಕುಮಾರಿ ಅಂತಾರಲ್ಲ, ಹಾಗೆ) ಅಂತ ಹಾಕಿ ಮುಂದೆ ಅಪ್ಪನ ಹೆಸರು. ನಾನು ಡಬ್ಬಕ್ಕೆ ಅಂಟಿಸಿದ್ದು ಮಾತ್ರ ಹುಟ್ಟಿದಾಗಿಂದ ಎಲ್ಲರೂ ಕರೆಯೋ ನನ್ನ ಹೆಸರು. ನಮ್ಮ ಕಡೆಯಿಂದ ಬರೋರಲ್ಲಿ ಬಹಳ ಜನಕ್ಕೆ ಇದು ಆಗುತ್ತೆ. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಏನಿದೆಯೋ ಅದನ್ನೇ ಅಕ್ಷರ ಬಿಡದೆ ಡಬ್ಬಕ್ಕೂ ಕಾಲಿಂಗ್ ಬೆಲ್ಲಿಗೂ ಅಂಟಿಸಿ, ಕೀ ಸಿಕ್ಕ ದಿನವೇ, ಹಾಸಿಗೆ ಹಾಸೋಕೂ ಮುಂಚೆ.

ಆ ರಾತ್ರಿ ನೋಟ್‌ಬುಕ್ ಹಾಳೆ ಕತ್ತರಿಸಿ, ದಪ್ಪ ಪೆನ್ನಲ್ಲಿ ಅಪ್ಪನ ಹೆಸರು ಬರೆದು ಸೆಲೋ ಟೇಪ್ ಹಾಕಿ ಅಂಟಿಸ್ದೆ. ಅಷ್ಟೂ ದಿನ ಅಳು ಬಂದಿರ್ಲಿಲ್ಲ, ಆ ತಣ್ಣನೆ ಮೆಟ್ಟಿಲ ಹತ್ರ, ಸುತ್ತಲೂ ಮ್ಯುಲ್ಲರ್, ಷ್ಮಿಟ್ ಅಂತ ಹೆಸರುಗಳ ಮಧ್ಯೆ ಅಪ್ಪನ ಹೆಸರು ನೋಡಿ ತಡೆಯೋಕಾಗ್ಲಿಲ್ಲ. ಫೋಟೋ ತೆಗೆದು ಮನೆಗೆ ಕಳಿಸ್ದೆ. ಕೊಬ್ಬರಿ ಮಂಡೀಲಿ ಮೂವತ್ತು ವರ್ಷ ಲೆಕ್ಕ ಬರೆದಿರೋರು ಅಪ್ಪ, ಬೆಳಗ್ಗೆ ಎದ್ದು ನೋಡಿ ಅವರೇ ಫೋನ್ ಮಾಡಿದ್ರು, ಅವರಾಗಿ ಅವರು ಫೋನ್ ಮಾಡೋದೇ ಕಮ್ಮಿ.

"ಕೊನೇಲಿ ಎರಡು ಪಿ ಬರ್ಬೇಕು ಮಗಳೇ, ಒಂದೇ ಹಾಕಿದೀಯ. ಪಾಸ್‌ಪೋರ್ಟ್ ನೋಡಿ ಸರಿ ಮಾಡು."

ಕೆಳಗಿಳಿದು ಹೋಗಿ ಹೊಸ ಚೀಟಿ ಅಂಟಿಸ್ದೆ. ಬ್ಯಾಂಕಿನವರು ಎರಡೂ ಮತ್ತೆ ಕಳಿಸಿದ್ರು, ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರ ಕಾರ್ಡ್ ಬಂತು, ಮೂರು ದಿನ ಬಿಟ್ಟು ಪಿನ್.